ತಪ್ಪು ಎಲ್ಲಿದೆ? ಗಣಕ ಕಲಿಯುವವರು ಪ್ರಶ್ನೆ ಕೇಳುವ ಬಗೆ

ಪ್ರಶ್ನೆ ಕೇಳುವುದು ಸುಲಭ, ಉತ್ತರ ಹೇಳುವುದು ಕಷ್ಟ ಎಂಬುದು ಸಾಮಾನ್ಯವಾದ ನಂಬಿಕೆ. ಶಾಲೆಯಲ್ಲಿ ಪ್ರಶ್ನೆ ಕೇಳುವವರು ಉಪಾಧ್ಯಾಯರು, ಉತ್ತರ ಹೇಳಬೇಕಾದವರು ವಿದ್ಯಾರ್ಥಿಗಳು. ಆದುದರಿಂದ ಈ ನಂಬಿಕೆ ಚಿಕ್ಕಂದಿನಿಂದಲೇ ನಮ್ಮಲ್ಲಿ ಬೇರೂರಿರುವುದು ಸಹಜವೇ. ಆದರೆ ಗಣಕಯಂತ್ರಕ್ಕೆ ಕೆಲಸ ಹೇಳುವ ವಿದ್ಯೆಯನ್ನು ಕಲಿಯಲು ತೊಡಗಿದವನಿಗೆ ಕೆಲವೇ ದಿನಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಅನುಭವವಾಗುತ್ತದೆ. ಅವನು ಬರೆದ ಪ್ರೋಗ್ರಾಮು ಕೆಟ್ಟು ನಿಂತಿದೆ. ಅದನ್ನು ಸರಿಪಡಿಸಬಲ್ಲವರು ಲೋಕದ ಎಲ್ಲ ಮೂಲೆಗಳಲ್ಲಿಯೂ ಇದ್ದಾರೆ. ಅಂತರಜಾಲದ ಮೂಲಕ ಅವರನ್ನು ಕ್ಷಣಮಾತ್ರದಲ್ಲಿ ಮುಟ್ಟಬಹುದು. ಅವರಲ್ಲಿ ಅನೇಕರು ಬಿಡಿಗಾಸನ್ನೂ ಅಪೇಕ್ಷಿಸದೆ ಉತ್ತರ ಹೇಳುವವರು. ಇಷ್ಟೆಲ್ಲ ಅನುಕೂಲವಿದ್ದರೂ ಏನೆಂದು ಕೇಳಬೇಕೆಂಬುದೇ ಅವನಿಗೆ ತೋಚದು. ಕೊನೆಗೆ, "ನನ್ನ ಪ್ರೋಗ್ರಾಮು ಓಡುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ" ಎಂದು ಬರೆದು ಕಾಯುತ್ತಾನೆ. ಉತ್ತರ ಬರುವುದಿಲ್ಲ, ಕೆಲವು ಸಲ ಉತ್ತರಕ್ಕೆ ಬದಲು ಗದರಿಕೆ ಬರುತ್ತದೆ. ಈ ವಿದ್ಯೆ ತನ್ನಂಥವರಿಗೆ ಹೇಳಿದುದಲ್ಲವೆಂದು ಅವನು ಪುಸ್ತಕ ಮುಚ್ಚಿಟ್ಟರೆ ಆಶ್ಚರ್ಯವೇನು?

ಹೀಗೆ ಕೈಬಿಟ್ಟವರಲ್ಲಿ ಬುದ್ಧಿಗೆ ಕೊರತೆಯಿದ್ದವರು ಬಹಳ ಕಡಮೆ. ಅವರಿಗೆ ಕೊರತೆಯಾದುದು ಒಂದು ಅಭ್ಯಾಸ. ಪ್ರಶ್ನೆ ಕೇಳುವುದೂ ಪ್ರಯೋಗ ಮಾಡುವಂತೆಯೇ ಒಂದು ಶಾಸ್ತ್ರ; ಅದನ್ನು ಕಲಿಯಬಹುದು, ಕಲಿಸಲೂ ಬಹುದು. ಆ ಶಾಸ್ತ್ರದ ಸ್ವರೂಪವೇನೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೂರು ಬಗೆಯ ತಪ್ಪುಗಳು

ಗಣಕಯಂತ್ರಕ್ಕೆ ಸ್ವಂತ ಬುದ್ಧಿಯಿಂದ ನಮ್ಮ ಮನಸ್ಸನ್ನು ಅರಿಯುವ ಶಕ್ತಿಯಿಲ್ಲ. "ಸಾರಿಗೆ ಸ್ವಲ್ಪ ಉಪ್ಪು ಹಾಕು" ಎಂದರೆ ಮನೆಯವರಿಗೆ ಅರ್ಥವಾಗುತ್ತದೆ. 'ಸ್ವಲ್ಪ' ಎಂದರೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಗಣಕಕ್ಕೆ ಗ್ರಾಂ ಲೆಕ್ಕ ಬೇಕು, ಯಾವ ಪಾತ್ರೆಗೆ ಎಂಬುದು ಬೇಕು, ಯಾವಾಗ ನಿಲ್ಲಿಸಬೇಕೆಂಬುದೂ ಬೇಕು. ಇಂಥ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿದ ಪಟ್ಟಿಯೇ ಪ್ರೋಗ್ರಾಮು ಅಥವಾ ಕ್ರಮವಿಧಿ.

ಕ್ರಮವಿಧಿಯಲ್ಲಿ ನುಸುಳುವ ತಪ್ಪುಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ವ್ಯಾಕರಣದ ತಪ್ಪು. ಒಂದು ಆವರಣ ಚಿಹ್ನೆ ಮುಚ್ಚಿಲ್ಲ, ಒಂದು ಪದದಲ್ಲಿ ಅಕ್ಷರ ಬಿಟ್ಟುಹೋಗಿದೆ. ಯಂತ್ರ ಆಜ್ಞೆಯನ್ನು ಓದಲಾರದೆ ಪ್ರಾರಂಭದಲ್ಲಿಯೇ ನಿರಾಕರಿಸುತ್ತದೆ. ಎರಡನೆಯದು ಓಟದ ನಡುವೆ ತಲೆದೋರುವ ತಪ್ಪು. ವ್ಯಾಕರಣವೆಲ್ಲ ಸರಿ, ಆದರೆ ದಾರಿಯಲ್ಲಿ ಎಲ್ಲೋ ಸೊನ್ನೆಯಿಂದ ಭಾಗಿಸಬೇಕಾದ ಪ್ರಸಂಗ ಬಂದು ಯಂತ್ರ ಮುಗ್ಗರಿಸುತ್ತದೆ. ಈ ಎರಡು ಬಗೆಯಲ್ಲಿಯೂ ಯಂತ್ರವೇ ಒಂದು ದೋಷಸೂಚನೆಯನ್ನು ಬರೆದು ತೋರಿಸುತ್ತದೆ. ಇಂತಿಂಥ ಸಾಲಿನಲ್ಲಿ ಇಂತಿಂಥ ತೊಂದರೆ ಎಂದು ಅದರಲ್ಲಿ ಹೇಳಿರುತ್ತದೆ. ಹೊಸಬರು ಅದನ್ನು ಬೈಗುಳವೆಂಬಂತೆ ಕಂಡು ಓದದೆ ಅಳಿಸಿಬಿಡುವುದುಂಟು. ವಾಸ್ತವವಾಗಿ ಅದು ರೋಗಿಯ ಕೈಯಲ್ಲಿರುವ ಚೀಟಿ. ವೈದ್ಯನು ಮೊದಲು ನೋಡಬೇಕಾದುದು ಅದನ್ನೇ.

ಮೂರನೆಯದು ಅರ್ಥದ ತಪ್ಪು. ಇಲ್ಲಿ ಯಂತ್ರ ಆಕ್ಷೇಪಣೆಯನ್ನೇ ಎತ್ತುವುದಿಲ್ಲ. ಶಾಂತವಾಗಿ ಕೆಲಸ ಮುಗಿಸಿ ಒಂದು ಉತ್ತರವನ್ನು ಕೊಡುತ್ತದೆ. ಆ ಉತ್ತರ ಮಾತ್ರ ಸುಳ್ಳು. ನಾವು ಹೇಳಬೇಕೆಂದಿದ್ದುದು ಒಂದು, ಹೇಳಿದುದು ಇನ್ನೊಂದು. ಯಂತ್ರ ನಡೆದುದು ಹೇಳಿದುದರ ಪ್ರಕಾರ. ಈ ಮೂರರಲ್ಲಿ ಇದೇ ಹೆಚ್ಚು ಅಪಾಯಕರವಾದುದು.

ಹಳೆಯ ಕಾಲದಿಂದ ಬಂದ ಕಷ್ಟ

ಇಂಥ ತಪ್ಪುಗಳು ತಮಗೆ ಮಾತ್ರ ಆಗುತ್ತವೆಂದು ಹೊಸಬರು ನಾಚಿಕೊಳ್ಳುವುದುಂಟು. ಗಣಕದ ಇತಿಹಾಸವನ್ನು ನೋಡಿದರೆ ಈ ನಾಚಿಕೆಗೆ ಕಾರಣವಿಲ್ಲವೆಂದು ತಿಳಿಯುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ 'ಎಡ್‌ಸ್ಯಾಕ್' ಎಂಬ ಗಣಕ ನಿರ್ಮಾಣವಾಯಿತು. ಅದು ತನ್ನ ಮೊದಲನೆಯ ಕ್ರಮವಿಧಿಯನ್ನು ಯಶಸ್ವಿಯಾಗಿ ನಡೆಸಿದುದು 1949ರ ಮೇ 6ರಂದು. ಬಳಿಕ ವಿಲ್ಕ್ಸ್ ಒಂದು ನಿಜವಾದ ಗಣಿತದ ಕೆಲಸವನ್ನು ಕೈಗೆತ್ತಿಕೊಂಡನು. ಕಾಮನಬಿಲ್ಲಿನ ಅಂಚಿನಲ್ಲಿ ಬೆಳಕಿನ ತೀವ್ರತೆ ಹೇಗೆ ಬದಲಾಗುತ್ತದೆಂಬುದನ್ನು ಗಣಿಸಲು ಏರಿ ಎಂಬ ಖಗೋಳಜ್ಞನು ಹತ್ತೊಂಬತ್ತನೆಯ ಶತಮಾನದಲ್ಲಿ ಹುಡುಕಿದ ದಾರಿಗೆ ಸಂಬಂಧಿಸಿದ ಅವಕಲ ಸಮೀಕರಣವದು. ಅದನ್ನು ಬಿಡಿಸುವ ಕ್ರಮವಿಧಿಯನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳನ್ನು ಕೊರೆದು ಯಂತ್ರಕ್ಕೆ ಉಣಿಸಬೇಕಾಗಿತ್ತು. ಕೊರೆಯುವ ಸಲಕರಣೆಗೂ ಯಂತ್ರದ ಕೋಣೆಗೂ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ, ತನ್ನ ಉಳಿದ ಆಯುಷ್ಯದ ದೊಡ್ಡ ಭಾಗ ತಾನೇ ಮಾಡಿದ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆದುಹೋಗಲಿದೆ ಎಂಬ ಅರಿವು ತನಗೆ ಪೂರ್ಣವಾಗಿ ಮೂಡಿತೆಂದು ವಿಲ್ಕ್ಸ್ 1985ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆ ಕಾಗದದ ಪಟ್ಟಿಗಳಲ್ಲೊಂದು ಬಹುಕಾಲದ ಮೇಲೆ ದೊರೆಯಿತು. ಸುಮಾರು 126 ಸಾಲುಗಳ ಆ ಕ್ರಮವಿಧಿಯಲ್ಲಿ ಇಪ್ಪತ್ತರಷ್ಟು ತಪ್ಪುಗಳಿದ್ದುವು. ಯಂತ್ರವನ್ನು ಕಟ್ಟಿದವನ ಪಾಡೇ ಹೀಗಾದರೆ ನಿನ್ನೆ ಕಲಿಯಲಾರಂಭಿಸಿದವನು ನಾಚುವುದೇಕೆ?

ತಪ್ಪಿಗೆ 'ಬಗ್', ಎಂದರೆ ಹುಳು, ಎನ್ನುವುದು ರೂಢಿ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನ 'ಮಾರ್ಕ್ 2' ಗಣಕದೊಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಹಾಕಿಕೊಂಡು ಕೆಲಸ ನಿಂತಿತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ಪದ ಹುಟ್ಟಿದುದು ಅಂದೇ ಎಂದು ಹಲವರು ತಿಳಿದಿದ್ದಾರೆ. ಆದರೆ ಅದಕ್ಕೂ ಎಷ್ಟೋ ಮೊದಲೇ, 1878ರಲ್ಲಿ, ಎಡಿಸನ್ ತನ್ನ ಪತ್ರದಲ್ಲಿ ಯಂತ್ರಗಳ ಸಣ್ಣ ದೋಷಗಳಿಗೆ ಇದೇ ಪದವನ್ನು ಬಳಸಿದ್ದಾನೆ.

ನಿಲ್ಲದ ಎಣಿಕೆ

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ವಿದ್ಯಾರ್ಥಿಯೊಬ್ಬನು ಸೊನ್ನೆಯಿಂದ ಪ್ರಾರಂಭಿಸಿ 0.1ನ್ನು ಕೂಡುತ್ತ ಹೋಗಬೇಕು, ಮೊತ್ತ 1ಕ್ಕೆ ಸಮನಾದೊಡನೆ ನಿಲ್ಲಿಸಬೇಕು ಎಂದು ಗಣಕಕ್ಕೆ ಹೇಳಿದನೆನ್ನಿ. ಹತ್ತು ಸಲ ಕೂಡಿದರೆ ಕೆಲಸ ಮುಗಿಯಬೇಕು. ಆದರೆ ಯಂತ್ರ ನಿಲ್ಲುವುದೇ ಇಲ್ಲ; ಕೂಡುತ್ತಲೇ ಇರುತ್ತದೆ. ದೋಷಸೂಚನೆಯೂ ಇಲ್ಲ. ವಿದ್ಯಾರ್ಥಿ ಆಜ್ಞೆಗಳನ್ನು ಹತ್ತು ಸಲ ಓದಿದರೂ ತಪ್ಪು ಕಾಣದು.

ಕಾರಣ ಇಷ್ಟು. ನಾವು ಎಣಿಸುವುದು ದಶಮಾನ ಪದ್ಧತಿಯಲ್ಲಿ. ಮೂರನೆಯ ಒಂದು ಭಾಗವನ್ನು ಈ ಪದ್ಧತಿಯಲ್ಲಿ ಬರೆಯಹೊರಟರೆ 0.333... ಎಂದು ಕೊನೆಯಿಲ್ಲದೆ ಬರೆಯಬೇಕಾಗುತ್ತದೆ. ಎಲ್ಲಿ ನಿಲ್ಲಿಸಿದರೂ ಅಷ್ಟರಮಟ್ಟಿಗೆ ತಪ್ಪು ಉಳಿಯುತ್ತದೆ. ಗಣಕ ಎಣಿಸುವುದು 0 ಮತ್ತು 1 ಎಂಬ ಎರಡೇ ಅಂಕಗಳ ದ್ವಿಮಾನ ಪದ್ಧತಿಯಲ್ಲಿ. ಅಲ್ಲಿ ಅರ್ಧ, ಕಾಲು, ಅರೆಕಾಲು, ವೀಸ ಇವುಗಳನ್ನು ನಿಖರವಾಗಿ ಬರೆಯಬಹುದು. ನಮ್ಮ ಹಿರಿಯರು ಅಂಗಡಿಯಲ್ಲಿ ಲೆಕ್ಕ ಹಾಕುತ್ತಿದ್ದುದೂ ಈ ಭಾಗಗಳಲ್ಲಿಯೇ. ಆದರೆ ಹತ್ತನೆಯ ಒಂದು ಭಾಗ ಅಲ್ಲಿ 0.000110011001100... ಎಂದು ಮುಗಿಯದ ಸಾಲಾಗುತ್ತದೆ. ಗಣಕ ಸಾಮಾನ್ಯವಾಗಿ ಇದನ್ನು 53 ದ್ವಿಮಾನಾಂಕಗಳಿಗೆ ಕತ್ತರಿಸಿ ದುಂಡಗೆ ಮಾಡಿಡುತ್ತದೆ. ಪ್ರತಿಯೊಂದು ಕೂಡಿಕೆಯಲ್ಲಿಯೂ ಹೀಗೆಯೇ ಕತ್ತರಿಸುವುದರಿಂದ 0.1ಕ್ಕೆ 0.2ನ್ನು ಕೂಡಿದರೆ 0.30000000000000004 ಎಂದು ಬರುತ್ತದೆ, 0.1ನ್ನು ಹತ್ತು ಸಲ ಕೂಡಿದರೆ 0.9999999999999999 ಎಂದು ಬರುತ್ತದೆ. ಅದು 1ಕ್ಕೆ ಸಮನಲ್ಲ. ಹನ್ನೊಂದನೆಯ ಸಲ ಮೊತ್ತ 1ನ್ನು ದಾಟಿ ಹೋಗುತ್ತದೆ. ಸಮನಾದಾಗ ನಿಲ್ಲು ಎಂದಿದ್ದ ಆಜ್ಞೆಗೆ ಸಂದರ್ಭವೇ ಒದಗಲಿಲ್ಲ! ಯಂತ್ರದ ವರ್ತನೆಯಲ್ಲಿ ಲೋಪವಿಲ್ಲ. ಹತ್ತು ಹತ್ತಾಂಶ ಸೇರಿದರೆ ಅಲ್ಲಿಯೂ ಒಂದಾಗಲೇಬೇಕು ಎಂಬ ನಮ್ಮ ಊಹೆಯಲ್ಲಿ ಲೋಪವಿದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರ ಪರಿಹಾರ ಹೊಸದಲ್ಲ. ಎರಡು ಅಳತೆಗಳು ತಂತಾನೆ ಸಮವೆಂದು ನಾವು ಹೇಳುವುದಿಲ್ಲ. ಅವುಗಳ ವ್ಯತ್ಯಾಸ ಇಷ್ಟಕ್ಕಿಂತ ಕಡಮೆ ಎನ್ನುತ್ತೇವೆ. ಗಣಕಕ್ಕೂ ಹಾಗೆಯೇ ಹೇಳಬೇಕು. ಇಲ್ಲವೆ ಕೂಡಿಕೆಗಳನ್ನೇ ಪೂರ್ಣಾಂಕಗಳಲ್ಲಿ ಎಣಿಸಿ ಹತ್ತಕ್ಕೆ ನಿಲ್ಲಿಸಬೇಕು.

ಪ್ರಶ್ನೆ ಒಂದು ಪ್ರಯೋಗದ ದಾಖಲೆ

ಈ ವಿದ್ಯಾರ್ಥಿ ಸಹಾಯ ಬೇಡುವಾಗ ಏನು ಬರೆಯಬಹುದು? "ನನ್ನ ಪ್ರೋಗ್ರಾಮು ನಿಲ್ಲುತ್ತಿಲ್ಲ" ಎಂದಷ್ಟೇ ಬರೆದರೆ, "ಮೈ ಸರಿಯಿಲ್ಲ" ಎಂದು ವೈದ್ಯರಿಗೆ ಕಾಗದ ಬರೆದಂತೆ. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: "ಸೊನ್ನೆಯಿಂದ ಒಂದರವರೆಗೆ ಹತ್ತಾಂಶದ ಹೆಜ್ಜೆಗಳಲ್ಲಿ ಎಣಿಸಬೇಕೆಂದಿದ್ದೇನೆ. ಅದಕ್ಕಾಗಿ ಪೈಥಾನ್ ಭಾಷೆಯಲ್ಲಿ ಈ ನಾಲ್ಕು ಸಾಲುಗಳನ್ನು ಬರೆದಿದ್ದೇನೆ. ಹತ್ತು ಹೆಜ್ಜೆಗಳಿಗೆ ನಿಲ್ಲುವುದೆಂದು ನಿರೀಕ್ಷಿಸಿದ್ದೆ. ನಿಲ್ಲಲಿಲ್ಲ. ಪ್ರತಿ ಹೆಜ್ಜೆಯ ಮೊತ್ತವನ್ನು ಮುದ್ರಿಸಿ ನೋಡಿದಾಗ ಎಂಟನೆಯದು 0.8ರ ಬದಲು 0.7999999999999999 ಎಂದು ಬಂತು. ಇದೇಕೆ?" ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ನೋಡಿ. ಎರಡನೆಯದಕ್ಕೆ ಬಲ್ಲವನು ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಾನೆ. ಪ್ರಾಯಶಃ ಕೇಳುವವನೇ ಬರೆಯುವ ಮೊದಲು ಅರ್ಧ ಉತ್ತರವನ್ನು ಕಂಡುಕೊಂಡಿರುತ್ತಾನೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀವು ಬರೆಯುವ ದಾಖಲೆ ಪುಸ್ತಕವನ್ನು ನೆನಪಿಗೆ ತಂದುಕೊಳ್ಳಿ. ಉದ್ದೇಶ, ಉಪಕರಣಗಳು, ವಿಧಾನ, ವೀಕ್ಷಣೆ, ಫಲಿತಾಂಶ ಎಂಬ ಶೀರ್ಷಿಕೆಗಳು ಅದರಲ್ಲಿ ಇದ್ದೇ ಇರುತ್ತವೆ. ಒಳ್ಳೆಯ ಪ್ರಶ್ನೆಯ ಅಂಗಗಳೂ ಇವೇ. ನಾನು ಮಾಡಹೊರಟುದೇನು, ಯಾವ ಭಾಷೆಯಲ್ಲಿ ಯಾವ ಯಂತ್ರದಲ್ಲಿ, ಏನೇನು ಬರೆದೆ, ಏನಾಗುವುದೆಂದು ನಿರೀಕ್ಷಿಸಿದ್ದೆ, ವಾಸ್ತವವಾಗಿ ಏನಾಯಿತು. ಈ ಕೊನೆಯ ಎರಡನ್ನು ಬೇರೆ ಬೇರೆಯಾಗಿ ಬರೆಯುವುದು ಅತ್ಯಂತ ಮುಖ್ಯ. ನಿರೀಕ್ಷೆಗೂ ವೀಕ್ಷಣೆಗೂ ನಡುವೆ ಇರುವ ಬಿರುಕಿನಲ್ಲಿಯೇ ತಪ್ಪು ಅಡಗಿರುತ್ತದೆ. ನಿರೀಕ್ಷೆಯೇ ಇಲ್ಲದವನಿಗೆ ಬಿರುಕೂ ಕಾಣಿಸದು.

ಇನ್ನು ಅನಾವಶ್ಯಕವಾದುದನ್ನು ಬಿಡುವ ಕೆಲಸ. ಇನ್ನೂರು ಸಾಲುಗಳ ಕ್ರಮವಿಧಿಯನ್ನು ಇಡಿಯಾಗಿ ಇನ್ನೊಬ್ಬರ ಮುಂದೆ ಸುರಿದು ತಪ್ಪನ್ನು ಹುಡುಕಿರೆಂದರೆ ಯಾರಿಗೆ ಪುರಸೊತ್ತು? ತಪ್ಪು ಉಳಿಯುವಂತೆ, ಉಳಿದುದೆಲ್ಲ ಹೋಗುವಂತೆ, ಸಾಲುಗಳನ್ನು ಕಳಚುತ್ತ ಬರಬೇಕು. ಹಬ್ಬದ ದೀಪಮಾಲೆಯಲ್ಲಿ ಒಂದು ಬಲ್ಬು ಸುಟ್ಟು ಇಡೀ ಸಾಲು ಆರಿತೆನ್ನಿ. ಜಾಣನಾದ ಕೆಲಸಗಾರ ಮೊದಲ ಬಲ್ಬಿನಿಂದ ಒಂದೊಂದನ್ನೇ ನೋಡುತ್ತ ಹೋಗುವುದಿಲ್ಲ. ಸಾಲಿನ ನಡುವೆ ಪರೀಕ್ಷಿಸಿ, ದೋಷ ಯಾವ ಅರ್ಧದಲ್ಲಿದೆಯೆಂದು ತಿಳಿದು, ಆ ಅರ್ಧವನ್ನು ಮತ್ತೆ ಎರಡು ಮಾಡುತ್ತಾನೆ. ಗಣಕದಲ್ಲಿಯೂ ನಡುವಣ ಒಂದು ಸಾಲಿನಲ್ಲಿ, ಇಲ್ಲಿಯವರೆಗೆ ಬಂದ ಬೆಲೆಯೇನು ಎಂದು ಮುದ್ರಿಸಿ ನೋಡಬೇಕು. ಅದು ಸರಿಯಿದ್ದರೆ ತಪ್ಪು ಮುಂದೆ, ಸರಿಯಿಲ್ಲದಿದ್ದರೆ ಹಿಂದೆ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಸಾವಿರ ಸಾಲುಗಳನ್ನು ಶೋಧಿಸಲು ಹತ್ತು ಪರೀಕ್ಷೆಗಳು ಸಾಕು. ಏಕೆಂದರೆ ಎರಡನ್ನು ಹತ್ತು ಸಲ ಗುಣಿಸಿದರೆ 1024 ಆಗುತ್ತದೆ.

ಬಾತುಕೋಳಿಯ ಮುಂದೆ ಪಾಠ

ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಎಂಬವರು 1999ರಲ್ಲಿ ಪ್ರಕಟಿಸಿದ 'ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಎಂಬ ಪುಸ್ತಕದಲ್ಲಿ ಒಂದು ವಿನೋದದ ಸಲಹೆಯಿದೆ. ಕ್ರಮವಿಧಿ ಕೈಕೊಟ್ಟಾಗ ಮೇಜಿನ ಮೇಲೆ ಒಂದು ರಬ್ಬರಿನ ಬಾತುಕೋಳಿಯನ್ನಿಟ್ಟುಕೊಂಡು, ಪ್ರತಿಯೊಂದು ಸಾಲೂ ಏನು ಮಾಡುತ್ತದೆಂಬುದನ್ನು ಅದಕ್ಕೆ ವಿವರಿಸುತ್ತ ಹೋಗಬೇಕೆಂಬುದು ಅದರ ತಾತ್ಪರ್ಯ. ಬಾತುಕೋಳಿ ಏನನ್ನೂ ಹೇಳುವುದಿಲ್ಲ. ಆದರೂ ಪಾಠದ ನಡುವೆಯೇ ತಪ್ಪು ಬಯಲಾಗುತ್ತದೆ. ಬಾತುಕೋಳಿ ದೊರೆಯದಿದ್ದರೆ ನಮ್ಮ ಮನೆಗಳ ಒರಳುಕಲ್ಲೂ ಆದೀತು!

ಇದರಲ್ಲಿ ಮಂತ್ರತಂತ್ರವೇನೂ ಇಲ್ಲ. ಮನಸ್ಸಿನಲ್ಲಿಯೇ ಓದಿಕೊಳ್ಳುವಾಗ ಕಣ್ಣು ಹಾರಿಹಾರಿ ಓಡುತ್ತದೆ. ಬರೆದುದನ್ನು ಓದುವ ಬದಲು ಬರೆಯಬೇಕೆಂದಿದ್ದುದನ್ನು ಓದುತ್ತದೆ. ಬಾಯಿಬಿಟ್ಟು ವಿವರಿಸುವಾಗ ಒಂದು ಸಾಲನ್ನೂ ಹಾರಿಸುವಂತಿಲ್ಲ. 'ಇಲ್ಲಿ ಮೊತ್ತ ಒಂದಾಗುತ್ತದೆ' ಎಂದು ಹೇಳುವಾಗ, 'ಆಗುತ್ತದೆಂದು ಹೇಗೆ ಗೊತ್ತು?' ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಪ್ರಯೋಗಶಾಲೆಯ ತರಗತಿಗಳಲ್ಲಿ ಇದನ್ನು ನಾನು ಅನೇಕ ಸಲ ಕಂಡಿದ್ದೇನೆ. ವಿದ್ಯಾರ್ಥಿನಿ ಮೇಜಿನ ಬಳಿಗೆ ಬಂದು, "ಸರ್, ಇದು ಮೊದಲು ಉಷ್ಣತೆಯನ್ನು ಓದುತ್ತದೆ, ಆಮೇಲೆ..." ಎಂದು ಎರಡು ವಾಕ್ಯ ಹೇಳಿ ತಟಕ್ಕನೆ ನಿಲ್ಲುತ್ತಾಳೆ, "ಗೊತ್ತಾಯಿತು ಸರ್" ಎಂದು ತಿರುಗಿ ಓಡುತ್ತಾಳೆ. ಅಧ್ಯಾಪಕ ಬಾಯಿ ತೆರೆಯುವ ಪ್ರಮೇಯವೇ ಬರುವುದಿಲ್ಲ. ಒಳ್ಳೆಯ ಪ್ರಶ್ನೆಯನ್ನು ಬರೆಯಲು ಕುಳಿತ ಎಷ್ಟೋ ಮಂದಿ ಅದನ್ನು ಕಳಿಸದೆಯೇ ಹರಿದುಹಾಕುವುದು ಇದೇ ಕಾರಣದಿಂದ.

ಒಂದು ಆದರ್ಶ ಪ್ರಶ್ನೆ

ಕ್ರಮವಿಧಿಗಾರರು ಒಬ್ಬರನ್ನೊಬ್ಬರು ದೂರದಿಂದಲೇ ಪ್ರಶ್ನಿಸುವ ಪದ್ಧತಿ ಹಳೆಯದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು 1979ರಲ್ಲಿ ಯೋಜಿಸಿದ 'ಯೂಸ್‌ನೆಟ್' ಮರುವರ್ಷ ಕಾರ್ಯರೂಪಕ್ಕೆ ಬಂದು, ಗಣಕಗಳ ನಡುವೆ ಪ್ರಶ್ನೋತ್ತರಗಳನ್ನು ಸಾಗಿಸಿತು. ಒಂದೇ ಪ್ರಶ್ನೆ ನೂರು ಸಲ ಬರುತ್ತಿದ್ದುದರಿಂದ ಸಾಮಾನ್ಯ ಪ್ರಶ್ನೆಗಳಿಗೆ ಉತ್ತರಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಡುವ ಪದ್ಧತಿಯೂ ಅಲ್ಲಿ ಬೆಳೆಯಿತು. 2008ರಲ್ಲಿ ಪ್ರಾರಂಭವಾದ 'ಸ್ಟ್ಯಾಕ್ ಓವರ್‌ಫ್ಲೋ' ಈ ಬಗೆಯ ಸಮೂಹಗಳಲ್ಲೆಲ್ಲ ಪ್ರಸಿದ್ಧವಾದುದು. ಅಲ್ಲಿ 2012ರಲ್ಲಿ ಬಂದ ಒಂದು ಪ್ರಶ್ನೆಯನ್ನು ಮಾದರಿಯಾಗಿ ನೋಡಬಹುದು.

ಕೇಳಿದವನು 32768 ಸಂಖ್ಯೆಗಳ ಒಂದು ಸಾಲನ್ನು ತೆಗೆದುಕೊಂಡಿದ್ದನು. ಪ್ರತಿಯೊಂದು ಸಂಖ್ಯೆಯೂ 0 ಮತ್ತು 255ರ ನಡುವೆ ಎಲ್ಲೋ ಒಂದು ಕಡೆ ಇರುವುದು. ಅವುಗಳಲ್ಲಿ 128ಕ್ಕೆ ಕಡಮೆಯಿಲ್ಲದವನ್ನು ಮಾತ್ರ ಆರಿಸಿ ಕೂಡಬೇಕು. ಈ ಕೆಲಸವನ್ನು ಲಕ್ಷ ಸಲ ಮಾಡಬೇಕು. ಸಂಖ್ಯೆಗಳು ಅಡ್ಡಾದಿಡ್ಡಿಯಾಗಿದ್ದಾಗ 11.54 ಸೆಕೆಂಡು ಹಿಡಿಯಿತು. ಅವನ್ನೇ ಮೊದಲು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟಾಗ 1.93 ಸೆಕೆಂಡು ಸಾಕಾಯಿತು. ಕೂಡುವ ಸಂಖ್ಯೆಗಳು ಅವೇ, ಮೊತ್ತವೂ ಅದೇ. ಆದರೂ ಕೆಲಸ ಸುಮಾರು ಆರು ಪಟ್ಟು ಬೇಗ ಮುಗಿದುದೇಕೆ?

ಈ ಪ್ರಶ್ನೆಯ ಗುಣಗಳನ್ನು ಗಮನಿಸಬೇಕು. ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಓಡಿಸಿ ನೋಡಬಹುದಾದ ಚಿಕ್ಕ ಕ್ರಮವಿಧಿ ಪೂರ್ಣವಾಗಿ ಅಲ್ಲಿತ್ತು. ಅಳತೆ ಅಂಕಿಗಳಲ್ಲಿತ್ತು. ಇದು ಒಂದು ಭಾಷೆಯ ವೈಚಿತ್ರ್ಯವಿರಬಹುದೆಂದು ಸಂದೇಹಪಟ್ಟು, ಅವನು ಬೇರೊಂದು ಭಾಷೆಯಲ್ಲಿಯೂ ಬರೆದು ನೋಡಿ, ಅಲ್ಲಿಯೂ ಅಷ್ಟು ತೀವ್ರವಲ್ಲದಿದ್ದರೂ ಅದೇ ಪರಿಣಾಮ ಕಂಡಿತೆಂದು ತಿಳಿಸಿದ್ದನು. ತನಗೆ ತೋರಿದ ಕಾರಣವನ್ನೂ ಅದು ಏಕೆ ಸರಿಹೊಂದದೆಂಬುದನ್ನೂ ಹೇಳಿದ್ದನು. ವಿಜ್ಞಾನಿಯ ಪ್ರಯೋಗದಲ್ಲಿ ಇದಕ್ಕಿಂತ ಹೆಚ್ಚೇನಿರುತ್ತದೆ?

ದೊರೆತ ಉತ್ತರವೂ ಪ್ರಶ್ನೆಗೆ ತಕ್ಕುದಾಗಿತ್ತು. ಉತ್ತರಿಸಿದವರು ರೈಲ್ವೆ ಜಂಕ್ಷನ್ನಿನ ಹೋಲಿಕೆಯನ್ನು ಕೊಟ್ಟರು. ರೈಲು ಬರುತ್ತಿದೆ, ಎಡಕ್ಕೋ ಬಲಕ್ಕೋ ಎಂದು ಕೇಳಲು ಅದನ್ನು ನಿಲ್ಲಿಸಿದರೆ ಮತ್ತೆ ವೇಗ ಹಿಡಿಯಲು ಬಹಳ ಹೊತ್ತು ಬೇಕು. ಆದುದರಿಂದ ಕಾವಲುಗಾರ ಊಹಿಸಿ ಹಳಿಯನ್ನು ತಿರುಗಿಸಿಡುತ್ತಾನೆ. ಊಹೆ ಸರಿಯಾದರೆ ರೈಲು ನಿಲ್ಲದೆ ಸಾಗುತ್ತದೆ. ತಪ್ಪಾದರೆ ನಿಂತು, ಹಿಂದಕ್ಕೆ ಬಂದು, ಬೇರೆ ಹಳಿ ಹಿಡಿಯಬೇಕು. ಇಂದಿನ ಪ್ರೊಸೆಸರುಗಳೂ ಹೀಗೆಯೇ. 'ಈ ಸಂಖ್ಯೆ 128ಕ್ಕೆ ಕಡಮೆಯೆ?' ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಹಿಂದಿನ ಅನುಭವದ ಮೇಲೆ ಊಹಿಸಿ ಮುಂದಿನ ಕೆಲಸವನ್ನು ಪ್ರಾರಂಭಿಸುತ್ತವೆ. ಜೋಡಿಸಿದ ಸಾಲಿನಲ್ಲಿ ಮೊದಲರ್ಧವೆಲ್ಲ ಚಿಕ್ಕವು, ಅನಂತರ ಎಲ್ಲವೂ ದೊಡ್ಡವು. ಊಹೆ ತಪ್ಪುವ ಸಂದರ್ಭ ತೀರ ವಿರಳ. ಅಡ್ಡಾದಿಡ್ಡಿಯಾದ ಸಾಲಿನಲ್ಲಿ ಊಹೆ ಎರಡು ಸಲಕ್ಕೊಮ್ಮೆ ತಪ್ಪುತ್ತದೆ. ಹೀಗೆ ಒಬ್ಬನ ಕುತೂಹಲದಿಂದ ಯಂತ್ರದ ಗರ್ಭದಲ್ಲಿ ಅಡಗಿದ್ದ ಒಂದು ತತ್ತ್ವ ಸಹಸ್ರಾರು ಮಂದಿಗೆ ತಿಳಿಯುವಂತಾಯಿತು.

'ಬಹಳ ಹೊತ್ತು' ಎಂದರೆ ಎಷ್ಟು ಹೊತ್ತು?

ಪ್ರಶ್ನೆಯಾಗಲಿ ದೂರಾಗಲಿ ಸ್ಪಷ್ಟವಾಗಿರಬೇಕೆಂಬುದು ಕೇವಲ ಶಿಷ್ಟಾಚಾರದ ಮಾತೆಂದು ಯಾರಾದರೂ ತಿಳಿದರೆ, ಅವರು 1991ರ ಕೊಲ್ಲಿ ಯುದ್ಧದ ಒಂದು ಘಟನೆಯನ್ನು ಅರಿಯಬೇಕು. ಸೌದಿ ಅರೇಬಿಯದ ದಹ್ರಾನಿನಲ್ಲಿ ಅಮೆರಿಕದ ಸೈನ್ಯ 'ಪೇಟ್ರಿಯಟ್' ಎಂಬ ಕ್ಷಿಪಣಿನಿರೋಧಕ ವ್ಯವಸ್ಥೆಯನ್ನು ಇರಿಸಿತ್ತು. ಅದರ ಗಡಿಯಾರ ಕಾಲವನ್ನು ಎಣಿಸುತ್ತಿದ್ದುದು ಸೆಕೆಂಡಿನ ಹತ್ತಾಂಶಗಳಲ್ಲಿ. ನಮ್ಮ ವಿದ್ಯಾರ್ಥಿಯನ್ನು ಕಾಡಿದ ಆ 0.1 ಇಲ್ಲಿಯೂ ಬಂತು! ಅದರ ದ್ವಿಮಾನ ರೂಪವನ್ನು ಯಂತ್ರ 24 ಅಂಕಗಳಿಗೆ ಕತ್ತರಿಸುತ್ತಿತ್ತು. ಪ್ರತಿ ಹತ್ತಾಂಶಕ್ಕೆ ಬಿಟ್ಟುಹೋಗುತ್ತಿದ್ದುದು ಸುಮಾರು 0.000000095 ಸೆಕೆಂಡು ಮಾತ್ರ. ಆದರೆ ಯಂತ್ರವನ್ನು ಆರಿಸದೆ ನೂರು ಗಂಟೆ ನಡೆಸಿದರೆ 36 ಲಕ್ಷ ಹತ್ತಾಂಶಗಳಾಗುತ್ತವೆ, ತಪ್ಪು 0.34 ಸೆಕೆಂಡಿಗೆ ಬೆಳೆಯುತ್ತದೆ. ಎದುರಾಳಿಯ ಸ್ಕಡ್ ಕ್ಷಿಪಣಿ ಸೆಕೆಂಡಿಗೆ ಸುಮಾರು 1676 ಮೀಟರು ವೇಗದಲ್ಲಿ ಬರುವುದರಿಂದ ಅಷ್ಟು ಹೊತ್ತಿನಲ್ಲಿ ಅದು ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ.

ಈ ದೋಷದ ಸುಳಿವು ಮೊದಲೇ ಸಿಕ್ಕಿತ್ತು. ಎಂಟು ಗಂಟೆ ಸತತವಾಗಿ ನಡೆಸಿದರೆ ಗುರಿ ಗಮನಾರ್ಹವಾಗಿ ಸರಿಯುತ್ತದೆಂದು ಇಸ್ರೇಲಿನಿಂದ ಅಂಕಿಗಳ ಸಹಿತ ಮಾಹಿತಿ ಫೆಬ್ರವರಿ 11ರಂದು ಬಂದಿತ್ತು. ಫೆಬ್ರವರಿ 21ರಂದು ವ್ಯವಸ್ಥೆಯನ್ನು ಬಳಸುತ್ತಿದ್ದವರೆಲ್ಲರಿಗೂ ಒಂದು ಎಚ್ಚರಿಕೆ ಹೋಯಿತು. ಯಂತ್ರವನ್ನು ಬಹಳ ಹೊತ್ತು ಎಡೆಬಿಡದೆ ನಡೆಸಿದರೆ ಗುರಿ ಸರಿಯಬಹುದು ಎಂಬುದು ಅದರ ಸಾರಾಂಶ. 'ಬಹಳ ಹೊತ್ತು' ಎಂದರೆ ಎಂಟು ಗಂಟೆಯೊ, ಇಪ್ಪತ್ತು ಗಂಟೆಯೊ, ನೂರು ಗಂಟೆಯೊ, ಅದರಲ್ಲಿ ಹೇಳಿರಲಿಲ್ಲ. ಫೆಬ್ರವರಿ 25ರಂದು ದಹ್ರಾನಿನ ಯಂತ್ರ ನೂರು ಗಂಟೆಗೂ ಹೆಚ್ಚು ಕಾಲ ನಡೆಯುತ್ತಲೇ ಇದ್ದಿತು. ಬಂದ ಸ್ಕಡ್ ಕ್ಷಿಪಣಿಯನ್ನು ಅದು ತಪ್ಪಾದ ಕಡೆಯಲ್ಲಿ ಹುಡುಕಿ, ಕಾಣದೆ ಸುಮ್ಮನಾಯಿತು. ಸೈನಿಕರ ವಸತಿಯ ಮೇಲೆ ಕ್ಷಿಪಣಿ ಬಿದ್ದು 28 ಮಂದಿ ಸತ್ತರು. ತಿದ್ದಿದ ಕ್ರಮವಿಧಿ ದಹ್ರಾನನ್ನು ಮುಟ್ಟಿದುದು ಮರುದಿನ. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದ್ದರೂ ಗಡಿಯಾರ ಸೊನ್ನೆಯಿಂದ ಎಣಿಸತೊಡಗುತ್ತಿತ್ತು. ಆ ಎಚ್ಚರಿಕೆಯಲ್ಲಿ ಗಂಟೆಗಳ ಒಂದು ಸಂಖ್ಯೆ ಇದ್ದಿದ್ದರೆ ಅಲ್ಲಿದ್ದವರಿಗೆ ಹಾಗೆ ಮಾಡಲು ಆಧಾರ ಸಿಗುತ್ತಿತ್ತು.

ಉತ್ತರ ಹೇಳುವವರ ಧರ್ಮ

ಹೊಣೆಯೆಲ್ಲ ಕೇಳುವವನದೇ ಎಂದು ಇದರಿಂದ ಭಾವಿಸಬಾರದು. ಬಲ್ಲವರು ಅನೇಕ ಸಲ ಹೊಸಬರ ಮೇಲೆ ಸಿಡುಕುತ್ತಾರೆ. 'ಇದನ್ನು ಆಗಲೇ ಕೇಳಿಯಾಗಿದೆ' ಎಂದು ಬಾಗಿಲು ಮುಚ್ಚುತ್ತಾರೆ. ಹೊಸಬರಿಗೆ ತಮ್ಮಲ್ಲಿ ಆದರದ ಸ್ವಾಗತ ದೊರೆಯುತ್ತಿಲ್ಲವೆಂದು ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆಯೇ 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಮೊದಲೇ ಕೇಳಿದ ಪ್ರಶ್ನೆಯನ್ನು ಹುಡುಕಬೇಕಾದರೂ ಅದಕ್ಕೆ ತಕ್ಕ ಪದ ಗೊತ್ತಿರಬೇಕಷ್ಟೆ. ದ್ವಿಮಾನ ಭಿನ್ನರಾಶಿ ಎಂಬ ಮಾತನ್ನೇ ಕೇಳದವನು ತನ್ನ ನಿಲ್ಲದ ಎಣಿಕೆಗೆ ಕಾರಣವನ್ನು ಯಾವ ಹೆಸರಿನಿಂದ ಹುಡುಕಬೇಕು?

ಒಳ್ಳೆಯ ಉತ್ತರಗಾರ ಕಲಿಯುವವನ ಕೈಯಿಂದ ಕೀಲಿಮಣೆಯನ್ನು ಕಿತ್ತುಕೊಂಡು ತಾನೇ ಸರಿಮಾಡಿಕೊಡುವುದಿಲ್ಲ. "ಈ ಸಾಲಿನಲ್ಲಿ ಬೆಲೆ ಎಷ್ಟಿರಬೇಕೆಂದು ನೀನು ತಿಳಿದಿದ್ದೀಯೆ? ಮುದ್ರಿಸಿ ನೋಡಿದೆಯಾ?" ಎಂದು ಕೇಳುತ್ತಾನೆ. ಇದರಿಂದ ಇಂದಿನ ತಪ್ಪು ಮಾತ್ರವಲ್ಲದೆ ನಾಳೆಯ ತಪ್ಪನ್ನೂ ಕಲಿಯುವವನು ತಾನೇ ಹಿಡಿಯಬಲ್ಲವನಾಗುತ್ತಾನೆ.

ಉತ್ತರ ಹೇಳುವ ಯಂತ್ರಗಳು

2022ರ ಕೊನೆಯಿಂದೀಚೆಗೆ ಸಂಭಾಷಣೆ ನಡೆಸುವ ಗಣಕಗಳು ಎಲ್ಲರ ಕೈಗೂ ಬಂದಿವೆ. ಹೊಸಬರು ಮನುಷ್ಯರನ್ನು ಬಿಟ್ಟು ಇವನ್ನೇ ಕೇಳುವುದು ಹೆಚ್ಚಾಗಿದೆ. ಸ್ಟ್ಯಾಕ್ ಓವರ್‌ಫ್ಲೋಗೆ ಬರುವ ಪ್ರಶ್ನೆಗಳ ಸಂಖ್ಯೆ ಅಂದಿನಿಂದ ಬಹಳವಾಗಿ ಇಳಿದಿದೆ. ಇದರಲ್ಲಿ ಲಾಭವಿಲ್ಲದಿಲ್ಲ. ಯಂತ್ರ ಗದರಿಸುವುದಿಲ್ಲ, ಮಧ್ಯರಾತ್ರಿಯಲ್ಲಿಯೂ ಉತ್ತರಿಸುತ್ತದೆ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಬೇಸರಿಸುವುದಿಲ್ಲ. ಆದರೆ ಅದರ ತಪ್ಪು ಉತ್ತರವೂ ಸರಿಯುತ್ತರದಷ್ಟೇ ಧೈರ್ಯದ ಧ್ವನಿಯಲ್ಲಿ ಬರುತ್ತದೆ. ಇಂಥ ಉತ್ತರಗಳು ನೋಡಲು ಸರಿಯಾಗಿ ಕಂಡು ವಾಸ್ತವವಾಗಿ ತಪ್ಪಾಗಿರುತ್ತವೆಂಬ ಕಾರಣದಿಂದಲೇ ಆ ಸಂಸ್ಥೆ 2022ರ ಡಿಸೆಂಬರಿನಲ್ಲಿ ಅವುಗಳನ್ನು ತನ್ನಲ್ಲಿ ನಿಷೇಧಿಸಿತು. ಯಂತ್ರಕ್ಕಾದರೂ ಅಸ್ಪಷ್ಟವಾಗಿ ಕೇಳಿದರೆ ಅದು ನಮ್ಮ ಉದ್ದೇಶವನ್ನು ತಾನೇ ಊಹಿಸಿ ಉತ್ತರಿಸಿಬಿಡಬಹುದು. ಆದುದರಿಂದ ಪ್ರಶ್ನೆಯ ಶಾಸ್ತ್ರ ಹಿಂದಿಗಿಂತ ಇಂದು ಹೆಚ್ಚು ಅವಶ್ಯಕ; ಬಂದ ಉತ್ತರವನ್ನು ಓಡಿಸಿ, ಬೇರೆ ಬೇರೆ ಬೆಲೆಗಳನ್ನು ಕೊಟ್ಟು ಪರೀಕ್ಷಿಸುವುದಂತೂ ಅನಿವಾರ್ಯ. ಇನ್ನೊಂದು ಸಂಗತಿಯೂ ಉಂಟು. ಹತ್ತು ಜನರ ಮುಂದೆ ಕೇಳಿದ ಪ್ರಶ್ನೆ ಹನ್ನೊಂದನೆಯವನಿಗೂ ಉಪಯೋಗಕ್ಕೆ ಬರುತ್ತದೆ. ಯಂತ್ರದೊಡನೆ ಏಕಾಂತದಲ್ಲಿ ನಡೆದ ಸಂಭಾಷಣೆ ಅಲ್ಲಿಯೇ ಮುಗಿದುಹೋಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ದೋಷಸೂಚನೆಗಳು ಇಂಗ್ಲಿಷಿನಲ್ಲಿ, ಪ್ರಶ್ನೋತ್ತರಗಳೂ ಬಹುಪಾಲು ಇಂಗ್ಲಿಷಿನಲ್ಲಿ. ವ್ಯಾಕರಣ ತಪ್ಪಿ ನಗೆಪಾಟಲಾದೇನೆಂಬ ಅಳುಕಿನಿಂದ ಕೇಳದೆಯೇ ಉಳಿಯುವವರು ಅನೇಕರು. ಅವರಿಗೆ ಒಂದು ಮಾತು. ನಿಮ್ಮ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿಯೇ ಬರೆಯಿರಿ. ಒಂದು ಪುಸ್ತಕವನ್ನು ಅದಕ್ಕೆಂದೇ ಇಟ್ಟು, ಉದ್ದೇಶ, ಮಾಡಿದುದು, ನಿರೀಕ್ಷಿಸಿದುದು, ಕಂಡುದು ಎಂಬ ನಾಲ್ಕು ಶೀರ್ಷಿಕೆಗಳ ಕೆಳಗೆ ನಾಲ್ಕು ವಾಕ್ಯಗಳನ್ನು ಬರೆಯಿರಿ. ಆಲೋಚನೆ ನಿಮ್ಮ ಭಾಷೆಯಲ್ಲಿ ತಿಳಿಯಾದ ಮೇಲೆ ಅದನ್ನು ಇಂಗ್ಲಿಷಿಗೆ ತಿರುಗಿಸುವುದು ಸಣ್ಣ ಕೆಲಸ. ಇಂಗ್ಲಿಷು ಒರಟಾಗಿದ್ದರೂ ಚಿಂತೆಯಿಲ್ಲ. ಅಂಕಿಗಳೂ ಕ್ರಮವಿಧಿಯ ಸಾಲುಗಳೂ ಸ್ಪಷ್ಟವಾಗಿದ್ದರೆ ಬಲ್ಲವರಿಗೆ ಸಾಕು.

ವಿಜ್ಞಾನ ಬೆಳೆದು ಬಂದುದು ಅಳತೆಗೂ ನಿರೀಕ್ಷೆಗೂ ಹೊಂದಿಕೆಯಾಗದಾಗ, 'ಇದೇಕೆ ಹೀಗಾಯಿತು?' ಎಂದು ನಿಂತು ಕೇಳಿದವರಿಂದ. ಗಣಕದ ಮುಂದೆ ಕುಳಿತ ಹೊಸ ವಿದ್ಯಾರ್ಥಿಗೆ ಆ ಹೊಂದಿಕೆಯಿಲ್ಲದ ಕ್ಷಣ ದಿನಕ್ಕೆ ಹತ್ತು ಸಲ ಒದಗುತ್ತದೆ. ಅಂಥ ಕ್ಷಣದಲ್ಲಿ ಹೆದರದೆ, ಕಂಡುದನ್ನು ಕಂಡಂತೆ ಬರೆದಿಟ್ಟು, ನಾಚದೆ ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳಲಿ.